ಅನುದಾನ, ಅಧ್ಯಾಪಕ ಮತ್ತು ನಮ್ಮ ಋಣ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ದೇವಾಲಯದ ಅಡಿಗಲ್ಲು, ಗೋಪುರದ ಘಂಟೆ, ಬಲಿಪೀಠದ ಕೆತ್ತನೆ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ ಮುಂತಾದವುಗಳ ವರ್ಣನೆಯಿರುವುದು ವಾಡಿಕೆ. ಈ ಸಂಚಿಕೆಯಲ್ಲಿಯೂ ಅವೆಲ್ಲವನ್ನು ಬಲ್ಲವರು ಬರೆದಿದ್ದಾರೆ. ನಮಗೆ ವಹಿಸಿಕೊಟ್ಟ ಪುಟಗಳಲ್ಲಿ ನಾವು ಓದುಗರನ್ನು ದೇವಾಲಯದ ಅಂಗಳ ದಾಟಿಸಿ, ಆಚೆಯ ಹಂಚಿನ ಮಾಡಿನ ಶಾಲೆಯ ಕಡೆಗೆ ಕರೆದೊಯ್ಯಬಯಸುತ್ತೇವೆ.

ಅದಕ್ಕೆ ಕಾರಣವಿದೆ. ನಮ್ಮ ಅನುದಾನಿತ ಕನ್ನಡ ಶಾಲೆಯಲ್ಲಿ ಸರಕಾರದಿಂದ ಸಂಬಳ ಪಡೆಯುವ ಅಧ್ಯಾಪಕರು ಈಗ ಇಬ್ಬರೇ. ಅವರಲ್ಲೊಬ್ಬರು ಈ ಶೈಕ್ಷಣಿಕ ವರ್ಷದ ಕೊನೆಗೆ ನಿವೃತ್ತರಾಗಲಿದ್ದಾರೆ. ಅವರ ಸ್ಥಾನವನ್ನು ತುಂಬಲು ಅನುಮತಿ ದೊರೆಯುವುದೆಂಬ ಭರವಸೆ ಶಾಲೆಯ ಸಂಚಾಲಕರಾದ ನಮಗಿಲ್ಲ. ಉಳಿದವರೆಲ್ಲ ‘ಗೌರವ ಶಿಕ್ಷಕಿ’ಯರು. ಆ ಹೆಸರಿನಲ್ಲಿ ಗೌರವವೇನೋ ಇದೆ. ಆದರೆ ತಿಂಗಳ ಕೊನೆಗೆ ಅವರ ಕೈಸೇರುವ ಮೊತ್ತವನ್ನು ಇಲ್ಲಿ ಅಚ್ಚು ಹಾಕಿಸಲು ನಮಗೆ ಸಂಕೋಚವಾಗುತ್ತದೆ. ಇಂತಹ ಪರಿಸ್ಥಿತಿ ಇಂದು ನಿನ್ನೆ ಒದಗಿದ್ದಲ್ಲ. ಶಾಲೆಗಳಿಗೆ ಹಣ ಕಡಿಮೆ ಬಿದ್ದಾಗಲೆಲ್ಲ ಆ ಭಾರ ಯಾರ ಹೆಗಲ ಮೇಲೆ ಬಿದ್ದಿತೆಂಬುದನ್ನು ಚರಿತ್ರೆಯಿಂದ ತಿಳಿದುಕೊಳ್ಳುವುದು ಈ ಲೇಖನದ ಉದ್ದೇಶ.

ಆರಂಭದ ದಿನಗಳು

ಮಕ್ಕಳು ಮರಳಿನಲ್ಲಿ ಬೆರಳಿಟ್ಟು ಅಕ್ಷರ ತಿದ್ದುತ್ತಿದ್ದ ಐಗಳ ಮಠಗಳು ನಮ್ಮ ಜಿಲ್ಲೆಯಲ್ಲಿ ಬಹುಕಾಲದಿಂದ ಇದ್ದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಹೊಸ ಮಾದರಿಯ ಶಾಲೆಗಳನ್ನು ತೆರೆದರು. 1878ರ ದಶಂಬರ 31ರಂದು ಮಂಗಳೂರಿಗೆ ಆಗಮಿಸಿದ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. ಹಳ್ಳಿಗಳಲ್ಲಿಯೂ ಧರ್ಮಕೇಂದ್ರವೊಂದು ಹುಟ್ಟಿದರೆ ಅದರ ಮಗ್ಗುಲಲ್ಲೇ ಶಾಲೆಯೊಂದು ತಲೆಯೆತ್ತುತ್ತಿತ್ತು. ಮೊದಲು ಗುರುಗಳ ನಿವಾಸದ ಜಗಲಿ, ಬಳಿಕ ಮುಳಿಹುಲ್ಲಿನ ಮಾಡು, ಕೊನೆಗೆ ಹಂಚಿನ ಕಟ್ಟಡ. ನಮ್ಮ ಶಾಲೆ ಬೆಳೆದ ಬಗೆಯೂ ಇದೇ.

ಇಂತಹ ಶಾಲೆಗಳಿಗೆ ಸರಕಾರದ ಹಣ ಬರುವ ದಾರಿ ತೆರೆದುದು 1854ರ ಜುಲೈ 19ರ ವುಡ್ ನಿರೂಪದಿಂದ. ಎಲ್ಲ ಶಾಲೆಗಳನ್ನೂ ತಾನೇ ನಡೆಸುವಷ್ಟು ಹಣವನ್ನು ವೆಚ್ಚಮಾಡಲು ಅಂದಿನ ಆಡಳಿತ ಸಿದ್ಧವಿರಲಿಲ್ಲ. ಆದುದರಿಂದ ಖಾಸಗಿಯವರು ಶಾಲೆ ನಡೆಸಲಿ, ತಕ್ಕ ಲೌಕಿಕ ಶಿಕ್ಷಣ ಕೊಟ್ಟು ಸರಕಾರದ ತಪಾಸಣೆಗೆ ಒಪ್ಪುವ ಶಾಲೆಗಳಿಗೆ ಧನಸಹಾಯ ಸಿಗಲಿ ಎಂಬ ನೀತಿ ರೂಪುಗೊಂಡಿತು. ಅನುದಾನವೆಂಬುದು ಹುಟ್ಟಿದ್ದೇ ಮಿತವ್ಯಯದ ಹೊಟ್ಟೆಯಲ್ಲಿ ಎಂಬುದನ್ನು ನಾವು ಮರೆಯಬಾರದು. ಸಹಾಯವೆಂದು ಕೊಟ್ಟುದನ್ನು ಕಷ್ಟಕಾಲ ಬಂದಾಗ ಹಿಂದಕ್ಕೆ ಸೆಳೆಯುವ ಅಧಿಕಾರವನ್ನು ಕೊಡುವವನು ತನ್ನಲ್ಲೇ ಇಟ್ಟುಕೊಂಡಿರುತ್ತಾನೆ.

1882ರಲ್ಲಿ ನೇಮಕಗೊಂಡ ಹಂಟರ್ ಆಯೋಗವು ಈ ನೀತಿಯನ್ನು ಇನ್ನಷ್ಟು ಬಲಪಡಿಸಿತು. ನಾಗಪಟ್ಟಣದ ಸಂತ ಜೋಸೆಫರ ಕಾಲೇಜಿನ ರೆಕ್ಟರರಾಗಿದ್ದ ಯೇಸುಸಭೆಯ ವಂದನೀಯ ಜ್ಯಾನ್ ಸ್ವಾಮಿಗಳು ಆ ಆಯೋಗದ ಸದಸ್ಯರಲ್ಲೊಬ್ಬರಾಗಿದ್ದರೆಂಬುದು ಕಥೋಲಿಕರು ಸ್ಮರಿಸಬೇಕಾದ ಸಂಗತಿ.

ಪರೀಕ್ಷೆಗೆ ತಕ್ಕ ಹಣ

ಆ ಕಾಲದಲ್ಲಿ ಹಣ ಹಂಚುವ ಒಂದು ವಿಚಿತ್ರ ಕ್ರಮವಿತ್ತು. ಅದರ ಮೂಲ ಇಂಗ್ಲೆಂಡಿನಲ್ಲಿದೆ. ಅಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬ ಸಚಿವರು ತಂದ ಪರಿಷ್ಕೃತ ಸಂಹಿತೆಯ ಪ್ರಕಾರ, ಮಗುವೊಂದು ನಿಯತವಾಗಿ ಹಾಜರಾದರೆ 4 ಶಿಲ್ಲಿಂಗ್, ಇನ್‌ಸ್ಪೆಕ್ಟರರ ಮುಂದೆ ತೇರ್ಗಡೆಯಾದರೆ ಇನ್ನೂ 8 ಶಿಲ್ಲಿಂಗ್ ಶಾಲೆಗೆ ದೊರೆಯುತ್ತಿತ್ತು. ಓದು, ಬರಹ, ಲೆಕ್ಕ ಈ ಮೂರರಲ್ಲಿ ಒಂದೊಂದರಲ್ಲಿ ತಪ್ಪಿದಾಗಲೂ 2 ಶಿಲ್ಲಿಂಗ್ 8 ಪೆನ್ಸ್ ಕಡಿತವಾಗುತ್ತಿತ್ತು. ಸರಕಾರದ ಖರ್ಚನ್ನು ಹಿಡಿತಕ್ಕೆ ತರುವುದು ಇದರ ಒಂದು ಗುರಿ.

ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿಯೂ 1860ರ ದಶಕದಿಂದ ಫಲಿತಾಂಶಕ್ಕೆ ತಕ್ಕ ಅನುದಾನದ ಪದ್ಧತಿ ಬೇರೂರಿತು. ಅದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿ ಮಕ್ಕಳು ಬಾರದಿದ್ದರೆ, ನಾಟಿಯ ಕಾಲದಲ್ಲಿ ಮಕ್ಕಳನ್ನು ಗದ್ದೆಗೆ ಕರೆದೊಯ್ದರೆ, ಇನ್‌ಸ್ಪೆಕ್ಟರರು ಬರುವ ದಿನ ಊರಲ್ಲಿ ಜ್ವರ ಹಬ್ಬಿದ್ದರೆ, ಶಾಲೆಯ ವರಮಾನ ಇಳಿಯುತ್ತಿತ್ತು. ಅದರೊಂದಿಗೆ ಅಧ್ಯಾಪಕನ ಸಂಬಳಕ್ಕೂ ಸಂಚಕಾರ ಬರುತ್ತಿತ್ತು. ಏಳು ವರ್ಷದ ಮಗುವಿನ ಬಾಯಿಂದ ಮಗ್ಗಿ ಹೊರಡದಿದ್ದರೆ ಮೇಷ್ಟ್ರ ಮನೆಯಲ್ಲಿ ಒಲೆ ಉರಿಯುವುದು ಅನುಮಾನ! ಇಂತಹ ಪದ್ಧತಿಯಲ್ಲಿ ಕಲಿಸುವವನ ಕೈಗೆ ಬೆತ್ತ ಬಂದುದರಲ್ಲಿ ಆಶ್ಚರ್ಯವಿಲ್ಲ. ಲಾರ್ಡ್ ಕರ್ಜನರ ಕಾಲದಲ್ಲಿ ಹೊರಬಿದ್ದ 1904ರ ಶಿಕ್ಷಣ ನಿರ್ಣಯವು ಈ ಕ್ರಮವನ್ನು ಕೈಬಿಡುವ ನೀತಿಯನ್ನು ಸಾರಿತು. ಆದರೂ ಮಕ್ಕಳ ತಲೆಯೆಣಿಸಿ ಅಧ್ಯಾಪಕನ ಅನ್ನವನ್ನು ಅಳೆಯುವ ಅಭ್ಯಾಸ ಮಾತ್ರ ಬೇರೆ ಬೇರೆ ವೇಷಗಳಲ್ಲಿ ಮುಂದುವರಿಯಿತೆನ್ನಬಹುದು.

ಮುಗ್ಗಟ್ಟಿನ ವರ್ಷಗಳು

1920ರ ಮದ್ರಾಸ್ ಪ್ರಾಥಮಿಕ ಶಿಕ್ಷಣ ಕಾಯಿದೆಯಿಂದ ಶಿಕ್ಷಣಕ್ಕಾಗಿ ಕರ ವಿಧಿಸುವ ಅವಕಾಶವಾಯಿತು, ಶಾಲೆಗಳು ಹೆಚ್ಚಿದವು. ಆದರೆ 1929ರಲ್ಲಿ ಹಾರ್ಟಾಗ್ ಸಮಿತಿಯ ವರದಿ ಹೊರಬಂದಾಗ ಗಾಳಿ ಬೇರೆ ದಿಕ್ಕಿಗೆ ಬೀಸಿತು. 1922–23ರಲ್ಲಿ ಒಂದನೆಯ ತರಗತಿಯಲ್ಲಿದ್ದ ಪ್ರತಿ 100 ಮಕ್ಕಳಲ್ಲಿ 1925–26ರಲ್ಲಿ ನಾಲ್ಕನೆಯ ತರಗತಿಯನ್ನು ಮುಟ್ಟಿದವರು ಕೇವಲ 18 ಎಂದು ಆ ಸಮಿತಿ ಲೆಕ್ಕಹಾಕಿತು. ಶಾಲೆಗಳ ಸಂಖ್ಯೆಯನ್ನು ಹಿಗ್ಗಿಸುವುದಕ್ಕಿಂತ ಇರುವವನ್ನು ಗಟ್ಟಿಮಾಡುವುದು ಲೇಸೆಂಬುದು ಅದರ ಸಲಹೆ. ಸಲಹೆಯಲ್ಲಿ ಹುರುಳಿತ್ತು. ಆದರೆ ಅದು ಬಂದ ಹೊತ್ತಿಗೆ ಜಗತ್ತಿನಾದ್ಯಂತ ಆರ್ಥಿಕ ಕುಸಿತವೂ ಬಂದಿತ್ತು. ಕೃಷ್ಯುತ್ಪನ್ನಗಳ ಬೆಲೆ ನೆಲಕಚ್ಚಿತು. 1931ರಲ್ಲಿ ಭಾರತ ಸರಕಾರ ತನ್ನ ನೌಕರರ ಸಂಬಳದಲ್ಲಿ ಶೇಕಡಾ 10ರಷ್ಟು ಕಡಿತ ಮಾಡಿತು. ಬೊಕ್ಕಸ ಬರಿದಾದಾಗ ‘ಗಟ್ಟಿಮಾಡುವುದು’ ಎಂಬ ಮಾತು ‘ಮುಚ್ಚುವುದು’ ಎಂಬ ಮಾತಿಗೆ ಹತ್ತಿರವಾಗುತ್ತದೆ. ಹಳ್ಳಿಯ ಏಕೋಪಾಧ್ಯಾಯ ಶಾಲೆಗಳು ಇಂತಹ ಸಮಯದಲ್ಲಿ ಮೊದಲು ಸಂಶಯಕ್ಕೆ ಗುರಿಯಾದವು.

ಆ ದಿನಗಳ ಹಳ್ಳಿಯ ಅಧ್ಯಾಪಕರು ಹೇಗೆ ಬದುಕಿದರೆಂಬುದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಹಲವರು ಶಾಲೆಯ ಜೊತೆಗೆ ಅಂಚೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಭಾನುವಾರ ಗಾಯನ ನಡೆಸುವವರು, ಧರ್ಮೋಪದೇಶ ಕಲಿಸುವವರು, ಊರವರ ಅರ್ಜಿ ಕಾಗದಗಳನ್ನು ಬರೆದುಕೊಡುವವರು ಎಲ್ಲ ಅವರೇ. ಸಂಬಳ ತಡವಾದಾಗ ಊರವರು ಅಕ್ಕಿ, ತೆಂಗಿನಕಾಯಿ, ಬಾಳೆಗೊನೆ ಕೊಟ್ಟು ಕಾಪಾಡಿದ್ದೂ ಉಂಟು. ನಾವು ಇಂದು ಹೆಮ್ಮೆಯಿಂದ ‘ನಮ್ಮ ಧರ್ಮಕೇಂದ್ರದ ಪರಂಪರೆ’ ಎನ್ನುವುದರಲ್ಲಿ ಎಷ್ಟೋ ಭಾಗ ಹೀಗೆ ಅರೆಹೊಟ್ಟೆಯಲ್ಲಿ ದುಡಿದವರ ಕೊಡುಗೆ.

ಅರ್ಧ ದಿನದ ಶಾಲೆ

ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನವು 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ 10 ವರ್ಷಗಳೊಳಗೆ ಉಚಿತ, ಕಡ್ಡಾಯ ಶಿಕ್ಷಣ ಒದಗಿಸಲು ಪ್ರಯತ್ನಿಸಬೇಕೆಂದು ವಿಧಿಸಿತು. ಗುರಿ ಉದಾತ್ತ, ಹಣವೆಲ್ಲಿ? 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿ ರಾಜಾಜಿಯವರು ಗ್ರಾಮಾಂತರ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ದಿನಕ್ಕೆ ಐದು ಗಂಟೆಯ ಪಾಠವನ್ನು ಮೂರು ಗಂಟೆಗೆ ಇಳಿಸಿ, ಮಕ್ಕಳನ್ನು ಎರಡು ಪಾಳಿಗಳಾಗಿ ವಿಂಗಡಿಸುವುದು. ಉಳಿದ ಹೊತ್ತಿನಲ್ಲಿ ಅವರು ಮನೆಯವರ ಕಸುಬನ್ನು ಕಲಿಯುವುದು. ಅದೇ ಕಟ್ಟಡ, ಅದೇ ಅಧ್ಯಾಪಕ, ಮಕ್ಕಳು ಮಾತ್ರ ಹೆಚ್ಚು. ದಕ್ಷಿಣ ಕನ್ನಡವು 1956ರ ನವಂಬರ 1ರವರೆಗೆ ಮದ್ರಾಸಿಗೆ ಸೇರಿದ್ದುದರಿಂದ ಈ ಚರ್ಚೆಯ ಬಿಸಿ ನಮ್ಮವರಿಗೂ ತಟ್ಟದಿರಲಿಲ್ಲ.

ರಾಜಾಜಿಯವರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ಕುಂಬಾರನ ಮಗ ಕುಂಬಾರನಾಗಿಯೇ, ಅಗಸನ ಮಗ ಅಗಸನಾಗಿಯೇ ಉಳಿಯಬೇಕೆ ಎಂದು ಜನರು ಕೇಳಿದ ಪ್ರಶ್ನೆಗೆ ಉತ್ತರವಿರಲಿಲ್ಲ. ಕುಲಕಸುಬಿನ ಶಿಕ್ಷಣವೆಂದು ಯೋಜನೆಗೆ ಕೆಟ್ಟ ಹೆಸರು ಬಂದಿತು. 1954ರ ಏಪ್ರಿಲಿನಲ್ಲಿ ರಾಜಾಜಿಯವರು ಅಧಿಕಾರ ಬಿಟ್ಟರು. ಅವರ ನಂತರ ಬಂದ ಕಾಮರಾಜರು ಯೋಜನೆಯನ್ನು ಹಿಂತೆಗೆದುಕೊಂಡರು. ಹಣದ ಲೆಕ್ಕವೆಂದು ತೊಡಗಿದ್ದು ಬಡವರ ಮಕ್ಕಳ ಭವಿಷ್ಯದ ಲೆಕ್ಕವಾಗಿ ಮುಗಿಯುತ್ತದೆಂಬ ಪಾಠವನ್ನು ಆ ಪ್ರಸಂಗ ನಮಗೆ ಕಲಿಸುತ್ತದೆ.

ನಮ್ಮ ಪಾಲಿನ ತಪ್ಪು

ಇಷ್ಟರವರೆಗೆ ಸರಕಾರಗಳ ಲೋಪಗಳನ್ನು ಎಣಿಸಿದೆವು. ಆದರೆ ಪಾಪನಿವೇದನೆಗೆ ಹೋದವನು ನೆರೆಮನೆಯವನ ಪಾಪಗಳನ್ನು ಹೇಳಿದರೆ ಸಾಲದು. ಆಡಳಿತ ವರ್ಗದವರಾದ ನಾವೂ ನಮ್ಮ ಎದೆಯನ್ನು ಮುಟ್ಟಿಕೊಳ್ಳಬೇಕು.

ನಾವು ಹೊಸದಾಗಿ ಗುರುದೀಕ್ಷೆ ಪಡೆದು ಸೇವೆ ಸಲ್ಲಿಸಿದ ಊರೊಂದರಲ್ಲಿ, ನಿವೃತ್ತ ಅಧ್ಯಾಪಕರೊಬ್ಬರು ಹಾಸಿಗೆ ಹಿಡಿದಿದ್ದರು. ಪರಮಪ್ರಸಾದವನ್ನು ಒಯ್ದ ದಿನ ಅವರು ನಮ್ಮೊಡನೆ ಬಹಳ ಹೊತ್ತು ಮಾತಾಡಿದರು. “ಸ್ವಾಮೀ, ಬಟವಾಡೆ ಪುಸ್ತಕದಲ್ಲಿ ಸ್ಟಾಂಪಿನ ಮೇಲೆ ಇಡೀ ಸಂಬಳಕ್ಕೆ ಸಹಿ ಹಾಕುತ್ತಿದ್ದೆವು. ಒಂದು ಪಾಲನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬರುತ್ತಿದ್ದೆವು. ದೇಣಿಗೆ ಎಂದು ಹೆಸರು. ಕೊಡುವುದಿಲ್ಲವೆಂದರೆ ಮುಂದಿನ ವರ್ಷ ಕೆಲಸ ಇರುತ್ತದೆಯೋ ಇಲ್ಲವೋ,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಹಣದಿಂದ ಶಾಲೆಯ ಗೋಡೆ ಎದ್ದಿರಬಹುದು, ಯಾರೂ ಅದನ್ನು ಸ್ವಂತಕ್ಕೆ ಬಳಸದಿರಬಹುದು. ಆದರೂ ಅದು ಹಸಿದವರ ತಟ್ಟೆಯಿಂದ ತೆಗೆದ ತುತ್ತು. ನಮ್ಮ ಗುರುಮಠದ ದಿನಗಳಲ್ಲಿ ಓದಿದ ಜಗದ್ಗುರು 13ನೆಯ ಲಿಯೋರವರ 1891ರ ವಿಶ್ವಪತ್ರ ‘ರೇರುಮ್ ನೊವಾರುಮ್’ ಅಂದು ನಮ್ಮ ಕಣ್ಣೆದುರು ಬಂದು ನಿಂತಿತು. ಬಡತನಕ್ಕೆ ಅಂಜಿ ಕಡಿಮೆ ಕೂಲಿಗೆ ಒಪ್ಪಿದ ದುಡಿಮೆಗಾರನ ಒಪ್ಪಿಗೆ ನಿಜವಾದ ಒಪ್ಪಿಗೆಯಲ್ಲವೆಂಬುದು ಅದರ ಬೋಧನೆ. ತಡೆಹಿಡಿದ ಕೂಲಿ ದೇವರ ಕಿವಿಗೆ ಮುಟ್ಟುವುದೆಂದು ಸಂತ ಯಾಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸಿರುವುದೂ ಇದನ್ನೇ.

ನೆರೆಯ ಕೇರಳದಲ್ಲಿ ಈ ಪ್ರಶ್ನೆ ದೊಡ್ಡ ಸಂಘರ್ಷವಾಗಿ ಸಿಡಿಯಿತು. 1956ರಲ್ಲಿ ನಮ್ಮ ಕಾಸರಗೋಡೂ ಆ ರಾಜ್ಯಕ್ಕೆ ಸೇರಿದ್ದನ್ನು ಓದುಗರು ಬಲ್ಲರು. 1957ರಲ್ಲಿ ಅಲ್ಲಿಯ ಸರಕಾರ ಮಂಡಿಸಿದ ಶಿಕ್ಷಣ ಮಸೂದೆಯಲ್ಲಿ ಖಾಸಗಿ ಶಾಲೆಗಳ ಅಧ್ಯಾಪಕರಿಗೆ ಸರಕಾರವೇ ನೇರವಾಗಿ ಸಂಬಳ ಕೊಡುವ ಏರ್ಪಾಡಿತ್ತು. ನೇಮಕಾತಿಯನ್ನು ಸರಕಾರದ ಹತೋಟಿಗೆ ತರುವ ವಿಧಿಯೂ ಇತ್ತು. ಶ್ರೀಸಭೆ ಅದನ್ನು ಬಲವಾಗಿ ವಿರೋಧಿಸಿತು. 1959ರ ಜುಲೈ 31ರಂದು ಆ ಸರಕಾರವೇ ವಜಾಗೊಂಡಿತು. ಅಲ್ಪಸಂಖ್ಯಾತರ ಹಕ್ಕಿನ ಪ್ರಶ್ನೆ ಅಲ್ಲಿ ನಿಜವಾಗಿಯೂ ಇತ್ತೆಂಬುದು ನಮ್ಮ ಮತ. ಆದರೆ 1958ರ ಮೇ 22ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ಅಭಿಪ್ರಾಯದಲ್ಲಿ, ಆಡಳಿತದ ಹಕ್ಕೆಂದರೆ ದುರಾಡಳಿತದ ಹಕ್ಕಲ್ಲವೆಂಬ ವಿವೇಕವೂ ಅಡಗಿತ್ತು. ಹಕ್ಕಿಗಾಗಿ ಹೋರಾಡಿದ ನಾವು ಅಧ್ಯಾಪಕರ ಸಂಬಳದ ಪ್ರಶ್ನೆಗೆ ಅಷ್ಟೇ ದೊಡ್ಡ ದನಿಯಲ್ಲಿ ಉತ್ತರ ಕೊಟ್ಟೆವೇ? ಕೊಟ್ಟೆವೆನ್ನಲು ನಮಗೆ ಧೈರ್ಯ ಸಾಲದು.

ನಮ್ಮ ರಾಜ್ಯದಲ್ಲಿ 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯಿದೆಯು, ವಿಚಾರಣೆಯಿಲ್ಲದೆ ಅಧ್ಯಾಪಕನನ್ನು ಕೆಲಸದಿಂದ ತೆಗೆಯುವುದನ್ನು ತಡೆದು, ನ್ಯಾಯಮಂಡಲಿಗೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ಕೊಟ್ಟಿತು. 1983ರಲ್ಲಿ ರೂಪುಗೊಂಡು 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆಯು ಅಂತಹ ರಕ್ಷಣೆಯನ್ನು ಮುಂದುವರಿಸಿತು. ಸಂಬಳ ನೇರವಾಗಿ ಬರುವ ವ್ಯವಸ್ಥೆ ಬಂದ ಮೇಲೆ ಅಧ್ಯಾಪಕರು ತಲೆಯೆತ್ತಿ ನಡೆಯುವಂತಾಯಿತು. ನಾವು ಬಾಲಕರಾಗಿದ್ದಾಗ ಕಂಡ ಮೇಷ್ಟ್ರಿಗೂ, ಸಂಚಾಲಕರಾದ ಮೇಲೆ ಕಂಡ ಮೇಷ್ಟ್ರಿಗೂ ಇರುವ ಅಂತರವನ್ನು ಬಲ್ಲ ನಾವು ಈ ಮಾತನ್ನು ಕೃತಜ್ಞತೆಯಿಂದ ಬರೆಯುತ್ತಿದ್ದೇವೆ.

ಇಂದಿನ ಸ್ಥಿತಿ

ಇಂದು ಅಧ್ಯಾಪಕನನ್ನು ಯಾರೂ ಬಾಗಿಲಿಂದ ಹೊರಗೆ ಕಳುಹಿಸುವುದಿಲ್ಲ. ಅವರು ನಿವೃತ್ತರಾಗುತ್ತಾರೆ, ಬಾಗಿಲು ಅವರ ಹಿಂದೆ ಮುಚ್ಚಿಕೊಳ್ಳುತ್ತದೆ. ತೆರವಾದ ಅನುದಾನಿತ ಹುದ್ದೆಯನ್ನು ತುಂಬಲು ಸರಕಾರದ ಅನುಮತಿ ಬೇಕು. ಆರ್ಥಿಕ ಮಿತವ್ಯಯದ ಕಾರಣ ಹೇಳಿ ಆ ಅನುಮತಿ ವರ್ಷಗಟ್ಟಲೆ ತಡೆಹಿಡಿಯಲ್ಪಟ್ಟದ್ದುಂಟು. 1995ರ ಬಳಿಕ ಆರಂಭವಾದ ಕನ್ನಡ ಶಾಲೆಗಳು ಅನುದಾನಕ್ಕಾಗಿ ದೀರ್ಘಕಾಲ ಮೊರೆಯಿಟ್ಟಿವೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಬಂಧದಲ್ಲಿ, ಕಿರಿಯ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು, 90ರವರೆಗೆ ಮೂವರು ಅಧ್ಯಾಪಕರೆಂಬ ಪ್ರಮಾಣವಿದೆ. ಮಕ್ಕಳ ರಕ್ಷಣೆಗಾಗಿ ಮಾಡಿದ ಇಂತಹ ಪ್ರಮಾಣಗಳು, ಮಕ್ಕಳ ಸಂಖ್ಯೆ ಇಳಿದಲ್ಲಿ ಅಧ್ಯಾಪಕರನ್ನು ‘ಹೆಚ್ಚುವರಿ’ ಎಂದು ಗುರುತಿಸುವ ಅಳತೆಗೋಲೂ ಆಗುತ್ತವೆ. ಐದು ತರಗತಿಗಳಿಗೆ ಇಬ್ಬರೇ ಇರುವಲ್ಲಿ ಒಬ್ಬರು ಸಭೆಗೆಂದೋ ಗಣತಿಗೆಂದೋ ಹೋದ ದಿನ ಶಾಲೆಯ ಗತಿಯೇನು? ಇದನ್ನು ಕೇಳುವವರಿಲ್ಲ.

ಮಕ್ಕಳ ಸಂಖ್ಯೆ ಇಳಿದುದೇಕೆ? ಇಲ್ಲಿಯೂ ನಾವು ಕನ್ನಡಿಯನ್ನು ನೋಡಿಕೊಳ್ಳಬೇಕು. 1994ರ ಭಾಷಾನೀತಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ವಿಧಿಸಿತ್ತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಆ ಕಡ್ಡಾಯ ಸಲ್ಲದೆಂದಿತು. ಹೆತ್ತವರ ಆಸೆ ಇಂಗ್ಲಿಷಿನ ಕಡೆಗೆ ಹೊರಳಿದುದು ಅದಕ್ಕೂ ಮೊದಲೇ. ನಮ್ಮ ಧರ್ಮಕೇಂದ್ರವೂ ಅದೇ ಮೈದಾನದ ಇನ್ನೊಂದು ಅಂಚಿನಲ್ಲಿ ಇಂಗ್ಲಿಷ್ ಶಾಲೆಯನ್ನು ಕಟ್ಟಿತು. ಅದು ಬೆಳೆಯಿತು, ಸಂತೋಷ. ಆದರೆ ಅದಕ್ಕೆ ನೀರೆರೆದ ಕೊಡ ಈ ಹಳೆಯ ಬಾವಿಯದೇ. ಇಂದು ನಮ್ಮ ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳ ಹೆಸರು ವಿರಳ. ಅಲ್ಲಿರುವವರು ಕೂಲಿಗಾಗಿ ಬಂದು ನೆಲೆಸಿದವರ ಮಕ್ಕಳು, ಶುಲ್ಕ ತೆರಲಾರದವರ ಮಕ್ಕಳು. ಪ್ರಭು ಯೇಸು ಇಂದು ಈ ಊರಿಗೆ ಬಂದರೆ ಎರಡು ಶಾಲೆಗಳಲ್ಲಿ ಯಾವುದರ ಜಗಲಿಯಲ್ಲಿ ಕುಳಿತಾರು ಎಂಬುದನ್ನು ಓದುಗರೇ ಯೋಚಿಸಲಿ.

ಹಣ ನಿಂತ ಮೇಲೂ

ಅನುದಾನ ಪೂರ್ತಿಯಾಗಿ ನಿಂತ ನಾಡಿನ ಕಥೆಯೊಂದನ್ನು ಹೇಳಿ ಮುಗಿಸುತ್ತೇವೆ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ್ಯ 1872ರ ಕಾಯಿದೆಯಿಂದ, ನ್ಯೂ ಸೌತ್ ವೇಲ್ಸ್ 1880ರ ಕಾಯಿದೆಯಿಂದ ಚರ್ಚು ಶಾಲೆಗಳ ಧನಸಹಾಯವನ್ನು ಕೊನೆಗೊಳಿಸಿದವು. ಅಲ್ಲಿಯ ಕಥೋಲಿಕರು ಶಾಲೆಗಳನ್ನು ಮುಚ್ಚಲಿಲ್ಲ. 1866ರಲ್ಲಿ ಮೇರಿ ಮ್ಯಾಕಿಲಪ್ ಅವರ ನೇತೃತ್ವದಲ್ಲಿ ಆರಂಭವಾದ ಸಂತ ಜೋಸೆಫರ ಭಗಿನಿಯರಂತಹ ಕನ್ಯಾಸ್ತ್ರೀಯರು ಸಂಬಳದ ಹಂಗಿಲ್ಲದೆ ಬಡಮಕ್ಕಳಿಗೆ ಕಲಿಸಿದರು. ಆ ತಾಯಿಯನ್ನು 2010ರಲ್ಲಿ ಶ್ರೀಸಭೆ ಸಂತಪದವಿಗೇರಿಸಿತು. 1962ರಲ್ಲಿ ಗೋಲ್ಬರ್ನ್ ಪಟ್ಟಣದಲ್ಲಿ, ಶಾಲೆಯೊಂದಕ್ಕೆ ಹೊಸ ಶೌಚಾಲಯ ಕಟ್ಟಿಸಬೇಕೆಂಬ ಆಜ್ಞೆ ಬಂದಾಗ, ಹಣವಿಲ್ಲದ ಕಥೋಲಿಕರು ತಮ್ಮ ಶಾಲೆಗಳನ್ನೇ ತಾತ್ಕಾಲಿಕವಾಗಿ ಮುಚ್ಚಿ ಮಕ್ಕಳನ್ನು ಸರಕಾರಿ ಶಾಲೆಗಳ ಬಾಗಿಲಿಗೆ ಕಳುಹಿಸಿದರು. ಅಷ್ಟು ಮಕ್ಕಳಿಗೆ ಅಲ್ಲಿ ಸ್ಥಳವಿರಲಿಲ್ಲ! ತಾವು ಹೊತ್ತ ಭಾರವೆಷ್ಟೆಂಬುದನ್ನು ಹೀಗೆ ದೇಶಕ್ಕೆ ತೋರಿಸಿಕೊಟ್ಟರು. 1964ರಲ್ಲಿ ವಿಜ್ಞಾನ ಪ್ರಯೋಗಾಲಯಗಳ ಸಹಾಯದ ಮೂಲಕ ಸರಕಾರದ ಹಣ ಮತ್ತೆ ಆ ಶಾಲೆಗಳಿಗೆ ಬರತೊಡಗಿತು.

ಈ ಕಥೆಯಿಂದ ಎರಡು ಮಾತು ಕಲಿಯಬಹುದು. ನ್ಯಾಯವಾದುದನ್ನು ಸರಕಾರದಲ್ಲಿ ಕೇಳುವುದು ಹೆತ್ತವರ ಹಕ್ಕು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಶಿಕ್ಷಣ ಕುರಿತ ಘೋಷಣೆಯೂ ಹೀಗೆಯೇ ಬೋಧಿಸುತ್ತದೆ. ಆದರೆ ಕೇಳುವವನು ತಾನೂ ಒಂದು ತುದಿಗೆ ಹೆಗಲು ಕೊಟ್ಟಿರಬೇಕು. ಆಸ್ಟ್ರೇಲಿಯದಲ್ಲಿ ಕನ್ಯಾಸ್ತ್ರೀಯರು ಹೊತ್ತುದನ್ನು ಇಲ್ಲಿ ನಮ್ಮ ಗೌರವ ಶಿಕ್ಷಕಿಯರು ಹೊತ್ತಿದ್ದಾರೆ. ಅವರಿಗೆ ಮಠದ ಆಶ್ರಯವಿಲ್ಲ. ಮನೆಯಲ್ಲಿ ಮಕ್ಕಳಿದ್ದಾರೆ, ವೃದ್ಧ ತಂದೆತಾಯಿಗಳಿದ್ದಾರೆ. ಧರ್ಮಸಭಾ ಕಾನೂನಿನ 1286ನೆಯ ವಿಧಿಯು ಶ್ರೀಸಭೆಯ ಆಸ್ತಿಯನ್ನು ನೋಡಿಕೊಳ್ಳುವವರು ದುಡಿಯುವವರಿಗೆ ನ್ಯಾಯವಾದ ಸಂಬಳ ಕೊಡಬೇಕೆಂದು ಆಜ್ಞಾಪಿಸುತ್ತದೆ. ಅದು ಸರಕಾರಕ್ಕೆ ಬರೆದ ವಿಧಿಯಲ್ಲ, ನಮಗೆ ಬರೆದದ್ದು.

ಆದುದರಿಂದ ಧರ್ಮಕೇಂದ್ರದ ಬಾಂಧವರಲ್ಲಿ ನಮ್ಮ ವಿನಂತಿಯಿಷ್ಟು. ಶತಮಾನೋತ್ಸವದ ನೆನಪಿಗೆ ಮಹಾದ್ವಾರವೊಂದನ್ನು ಕಟ್ಟಿಸುವ ಆಲೋಚನೆ ಸಮಿತಿಯಲ್ಲಿದೆ. ದ್ವಾರ ಬೇಡವೆಂದು ನಾವು ಹೇಳುವುದಿಲ್ಲ. ಅದು ಒಂದೆರಡು ವರ್ಷ ತಡವಾದರೆ ದೇವರು ಬೇಸರಿಸಲಾರನೆಂದು ಮಾತ್ರ ಹೇಳುತ್ತೇವೆ. ಸಂಗ್ರಹವಾದ ಹಣದಲ್ಲಿ ಮೊದಲ ಪಾಲು ಅಧ್ಯಾಪಕರ ನಿಧಿಗೆ ಸಲ್ಲಲಿ. ಇಂಗ್ಲಿಷ್ ಶಾಲೆಯ ಆದಾಯದಲ್ಲೊಂದು ಭಾಗ ಪ್ರತಿ ತಿಂಗಳು ತನ್ನ ತಾಯಿಶಾಲೆಗೆ ಹರಿದುಬರಲಿ. ಹುದ್ದೆ ತುಂಬುವ ಅನುಮತಿಗಾಗಿ ನಾವು ಬರೆಯುವ ಮನವಿಗೆ ಪ್ರತಿ ಮನೆಯವರೂ ಸಹಿ ಹಾಕಲಿ.

ನೂರು ವರ್ಷಗಳ ಹಿಂದೆ ಜಗಲಿಯಲ್ಲಿ ಕುಳಿತು ನಮ್ಮ ಅಜ್ಜಂದಿರಿಗೆ ಅಕ್ಷರ ತಿದ್ದಿಸಿದವರ ಹೆಸರು ಯಾವ ಶಿಲಾಫಲಕದಲ್ಲಿಯೂ ಇಲ್ಲ. ಅವರಿಗೆ ಸಲ್ಲಬೇಕಾಗಿದ್ದುದನ್ನು ಕೊಡಲು ಇನ್ನು ಸಾಧ್ಯವಿಲ್ಲ. ಇಂದು ಅದೇ ಜಗಲಿಯಲ್ಲಿ ನಿಂತಿರುವವರಿಗೆ ಕೊಡಲು ಇನ್ನೂ ಕಾಲವಿದೆ. ನಿವೃತ್ತರಾಗಲಿರುವ ನಮ್ಮ ಅಧ್ಯಾಪಕಿಗೆ ಈ ಧರ್ಮಕೇಂದ್ರದ ಪರವಾಗಿ ವಂದನೆಗಳನ್ನು ಸಲ್ಲಿಸುತ್ತ, ಅವರು ಬಿಟ್ಟುಹೋಗುವ ಕುರ್ಚಿ ಬರಿದಾಗಿ ಉಳಿಯದಿರಲೆಂದು ಭಗವಂತನಲ್ಲಿ ಪ್ರಾರ್ಥಿಸುತ್ತೇವೆ.